ಕೆಸರುಗೈಗೆ ಸಿಗದ ವೆಬ್‌ಸೈಟು

ನಮ್ಮದು ಹಟ್ಟಿಯಂಗಡಿಯಲ್ಲಿ ವಾರಾಹಿ ಹೊಳೆಯ ಬದಿಗೆ ಎರಡು ಎಕ್ರೆ ಗದ್ದೆ, ಒಂದೂವರೆ ಎಕ್ರೆ ತೆಂಗು. ಮಳೆಗಾಲದ ಬೆಳೆಗೆ ಎಂ.ಓ. 4 ಭತ್ತ. 2022ರಲ್ಲಿ ಮನೆ ಖರ್ಚಿಗೆ ತೆಗೆದಿಟ್ಟು 15 ಕ್ವಿಂಟಾಲ್ ಭತ್ತ ಉಳಿಯಿತು. ಹಾಗೇ ವ್ಯಾಪಾರಿಗೆ ಕೊಟ್ಟರೆ ನಾಟಿ, ಕಟಾವಿನ ಖರ್ಚೂ ಹುಟ್ಟುವುದಿಲ್ಲ. ಬೇಯಿಸಿ ಕುಚ್ಚಲಕ್ಕಿ ಮಾಡಿಸಿ, ಬೆಂಗಳೂರಲ್ಲಿ ಹೋಟೆಲು ಇಟ್ಟುಕೊಂಡಿರುವ ನಮ್ಮ ಕಡೆಯವರಿಗೆ ನೇರ ಮಾರಬಹುದಲ್ಲ ಎಂದು ಲೆಕ್ಕ ಹಾಕಿದೆ. ಅದಕ್ಕೊಂದು ವೆಬ್‌ಸೈಟು ಬೇಕು ಎಂದರು ಯಾರೋ. ಪೇಟೆಯ ಹುಡುಗರೊಬ್ಬರು 9,000 ರೂಪಾಯಿಗೆ ಮಾಡಿಕೊಟ್ಟರು.

ಅವರ ಕಂಪ್ಯೂಟರಿನಲ್ಲಿ ನೋಡಿದಾಗ ನನಗೇ ಹೆಮ್ಮೆಯಾಯಿತು. ಮೂರು ಸಾಲಿನಲ್ಲಿ ಮಾಹಿತಿ, ಮೇಲೆ ಒಂದರ ಹಿಂದೆ ಒಂದು ಸರಿಯುವ ಐದು ಫೋಟೋ, ಚಂದದ ಕನ್ನಡ ಅಕ್ಷರ. ಕಂಡಕಂಡವರಿಗೆಲ್ಲ ವಿಳಾಸ ಕಳಿಸಿದೆ. ನವೆಂಬರು ಕಳೆಯಿತು, ಡಿಸೆಂಬರು ಕಳೆಯಿತು. ಬಂದದ್ದು ಎರಡೇ ಆರ್ಡರು, ಅದರಲ್ಲಿ ಒಂದು ನನ್ನ ಭಾವನದ್ದು! ಸಂಕ್ರಾಂತಿಗೆ ಮಾರಣಕಟ್ಟೆ ಹಬ್ಬಕ್ಕೆ ಹೋದಾಗ ಬೆಂಗಳೂರಿನಿಂದ ಬಂದಿದ್ದ ಹಳೆ ಸ್ನೇಹಿತರು ಸಿಕ್ಕಿದರು. ಸುತ್ತ ಹೆಮ್ಮಾಡಿ ಸೇವಂತಿಗೆಯ ರಾಶಿ, ಜನವೋ ಜನ. ಅದರ ನಡುವೆಯೇ ಕೇಳಿದೆ, ಅಕ್ಕಿ ಯಾಕೆ ತರಿಸಲಿಲ್ಲ ಎಂದು.

"ಹ್ವಾಯ್, ನಿಮ್ ಪುಟ ಫೋನಂಗೆ ಕಾಂತೇ ಇಲ್ಲ ಮಾರ್ರೆ. ಅಕ್ಷರ ಎಲ್ಲ ಎಳ್ಳ್ ಚೆಲ್ಲಿದಂಗ್ ಇತ್. ದೊಡ್ಡ ಮಾಡಿ ಕಂಡ್ರೆ ಅದ್ ಕನ್ನಡವೇ ಅಲ್ಲ!" ಎಂದರು.

ನಾನು ಅಲ್ಲಿಯವರೆಗೆ ಅದನ್ನು ನನ್ನ ಫೋನಿನಲ್ಲಿ ತೆರೆದೇ ಇರಲಿಲ್ಲ. ತೆಗೆದು ನೋಡಿದರೆ ಹೌದು. ಅಷ್ಟು ಹೊತ್ತಿಗೆ ಕೈಯಲ್ಲಿ ದುಡ್ಡಿಲ್ಲದೆ 12 ಕ್ವಿಂಟಾಲ್ ಭತ್ತವನ್ನು ವ್ಯಾಪಾರಿಗೇ ಕೊಟ್ಟಾಗಿತ್ತು. "ಬಪ್ಪ ವರ್ಷ ಗದ್ದೆ ಹಡ್ಲ್ ಬಿಡುವ. ಪೇಟಿಂದ ಅಕ್ಕಿ ತಕಂಡ್ ಬಪ್ಪುದೇ ಅಗ್ಗ" ಎಂದಳು ಮನೆಯವಳು. ಸುತ್ತಮುತ್ತ ಹಡಿಲು ಬಿದ್ದ ಗದ್ದೆಗಳು ಕಣ್ಣೆದುರೇ ಇವೆ. ಒಮ್ಮೆ ಬಿಟ್ಟರೆ ಬದು ಹೋಗುತ್ತದೆ, ಕಳೆ ಏಳುತ್ತದೆ, ಮತ್ತೆ ಹದಕ್ಕೆ ತರುವುದು ಸುಲಭವಲ್ಲ. ಒಂದು ವರ್ಷ ಸಮಯ ಕೊಡು ಎಂದು ಕೇಳಿಕೊಂಡೆ.

ಕುಂದಾಪುರದಲ್ಲಿ ಕಾಲೇಜಿಗೆ ಹೋಗುವ ಮಗಳು, "ಅಪ್ಪಯ್ಯ, ನಾವೇ ಮಾಡುವ" ಎಂದಳು. ಆ ಬೇಸಿಗೆ ಇಬ್ಬರೂ ಸೇರಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವೇ ಮಾಡದಿದ್ದರೂ, ಮಾಡುವವರ ಹತ್ತಿರ ಏನು ಕೇಳಬೇಕು ಎಂದಾದರೂ ತಿಳಿದಿರಲಿ.

ಮೊದಲು ಆ ಎಳ್ಳುಕಾಳಿನ ವಿಷಯ. 2007ರಲ್ಲಿ ಐಫೋನು ಬಂದಾಗ ಇದ್ದ ವೆಬ್‌ಸೈಟುಗಳೆಲ್ಲ ದೊಡ್ಡ ಪರದೆಗೆ ಮಾಡಿದವು. ಹಾಗಾಗಿ ಫೋನು, 'ಪುಟ 980 ಚುಕ್ಕಿ ಅಗಲ ಇದೆ' ಎಂದು ತಾನೇ ಊಹಿಸಿಕೊಂಡು, ಅಷ್ಟನ್ನೂ ಕುಗ್ಗಿಸಿ ತನ್ನ ಚಿಕ್ಕ ಪರದೆಯಲ್ಲಿ ತುಂಬುತ್ತಿತ್ತು. ಬೇರೆ ಹೇಳದಿದ್ದರೆ ಈಗಿನ ಫೋನುಗಳೂ ಹೆಚ್ಚುಕಡಿಮೆ ಹೀಗೇ ಮಾಡುತ್ತವೆ. 'ಊಹೆ ಬೇಡ, ನಿನ್ನ ಪರದೆಯ ಅಗಲವನ್ನೇ ತೆಗೆದುಕೋ' ಎಂದು ಹೇಳುವ ಒಂದು ಸಾಲು ಪುಟದ ತಲೆಯಲ್ಲಿ ಇರಬೇಕು. ಅದಕ್ಕೆ ವ್ಯೂಪೋರ್ಟ್ ಸಾಲು ಎನ್ನುತ್ತಾರೆ. ನಮ್ಮ ಪುಟದಲ್ಲಿ ಅದು ಇರಲೇ ಇಲ್ಲ. 9,000 ರೂಪಾಯಿಯಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು.

ಆ ಸಾಲು ಹಾಕಿದ ಕೂಡಲೇ ಅಕ್ಷರ ದೊಡ್ಡದಾಯಿತು. ಆದರೆ ಮೂರು ಸಾಲಿನ ಮಾಹಿತಿ ಒಂದನ್ನೊಂದು ಒತ್ತಿಕೊಂಡು ಒಂದೊಂದು ಸಾಲಿನಲ್ಲಿ ಎರಡೇ ಶಬ್ದ ಹಿಡಿಯುವ ಹಾಗಾಯಿತು. ಇದಕ್ಕೆ ಉಪಾಯ ಹಳೆಯದೇ. ಈಥನ್ ಮಾರ್ಕಾಟ್ ಎಂಬ ಅಮೆರಿಕದ ವಿನ್ಯಾಸಕಾರರು 2010ರಲ್ಲಿ ಒಂದು ಲೇಖನ ಬರೆದು ಈ ಕ್ರಮಕ್ಕೆ ಹೆಸರು ಕೊಟ್ಟರು. ಫೋನಿಗೊಂದು, ಕಂಪ್ಯೂಟರಿಗೊಂದು ಎಂದು ಬೇರೆ ಬೇರೆ ಪುಟ ಬೇಡ. ಒಂದೇ ಪುಟ ಪರದೆಯ ಅಗಲ ನೋಡಿ ತನ್ನನ್ನು ಹೊಂದಿಸಿಕೊಳ್ಳಲಿ ಎಂಬುದು ಅದರ ತಿರುಳು. ಬೈಲು ಗದ್ದೆಯಲ್ಲಿ ಹತ್ತು ಜನ ಸಾಲಾಗಿ ನೇಜಿ ನೆಡಬಹುದು, ಬೆಟ್ಟು ಗದ್ದೆಯ ಚಿಕ್ಕ ತುಂಡಿನಲ್ಲಿ ಇಬ್ಬರೇ. ನೇಜಿ ಅದೇ, ಜನ ನಿಲ್ಲುವ ಕ್ರಮ ಬೇರೆ. ನಾವು ಮೊದಲು ಫೋನಿಗೆ ಒಂದೇ ಸಾಲು ಮಾಡಿದೆವು. ಪರದೆ 600 ಚುಕ್ಕಿಗಿಂತ ಅಗಲ ಇದ್ದರೆ ಮಾತ್ರ ಎರಡು ಸಾಲು ಎಂದು ಬರೆದೆವು.

ಕನ್ನಡ ಕನ್ನಡವೇ ಆಗಿ ಕಾಣದ್ದಕ್ಕೆ ಕಾರಣ ಬೇರೆ. ಹುಡುಗರು ಹಳೆ ನುಡಿ ಫಾಂಟಿನಲ್ಲಿ ಟೈಪು ಮಾಡಿದ್ದರು. ಅದರಲ್ಲಿ ಒಳಗೆ ಇರುವುದು ಇಂಗ್ಲಿಷಿನ ಸಂಕೇತ, ಮೇಲೆ ಕನ್ನಡದ ಅಂಗಿ. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಸರಿ, ಇಲ್ಲದ ಫೋನಿನಲ್ಲಿ ಅಂಗಿ ಕಳಚಿ ಅರ್ಥವಿಲ್ಲದ ಚಿಹ್ನೆಗಳು. ಯೂನಿಕೋಡಿನಲ್ಲಿ ಬರೆದರೆ ಈ ತೊಂದರೆ ಇಲ್ಲ. ಆಂಡ್ರಾಯ್ಡ್ ಫೋನುಗಳಿಗೆ 2012ರಲ್ಲಿ 4.1 ಆವೃತ್ತಿಯಿಂದಲೇ ಕನ್ನಡ ಬಂದಿದೆ. ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿ ತಪ್ಪು ತಿದ್ದಿದೆವು, ಎರಡು ರಾತ್ರಿಯ ಕೆಲಸ. ಆಮೇಲೂ ಒಂದು ಸಮಸ್ಯೆ ಉಳಿಯಿತು. ಇಂಗ್ಲಿಷಿನ ಅಳತೆಗೆ ಇಟ್ಟ ಸಾಲುಗಳ ಅಂತರ ನಮ್ಮ ಒತ್ತಕ್ಷರಕ್ಕೆ ಸಾಲುವುದಿಲ್ಲ. 'ಕುಚ್ಚಲಕ್ಕಿ' ಎಂಬಲ್ಲಿ ಒತ್ತುಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತಿದ್ದವು. ಅಂತರವನ್ನು ಅಕ್ಷರದ ಎತ್ತರದ 1.7 ಪಾಲು ಮಾಡಿದ ಮೇಲೆ ಕಣ್ಣಿಗೆ ಹಿತವಾಯಿತು.

ಅತಿ ದೊಡ್ಡ ತಪ್ಪು ಫೋಟೋಗಳದ್ದು. ಒಂದೊಂದು 4 ಎಂಬಿ, ಐದಕ್ಕೆ 20. ನಮ್ಮ ತೋಟದ ತಗ್ಗಿನಲ್ಲಿ ನೆಟ್‌ವರ್ಕು ಬರುವುದೇ ಅಷ್ಟಕ್ಕಷ್ಟೆ. ಸೆಕೆಂಡಿಗೆ 20 ಕಿಲೋಬೈಟು ಸಿಕ್ಕಿತು ಎಂದಿಟ್ಟುಕೊಂಡರೆ, ಆ ಪುಟ ಪೂರ್ತಿ ಇಳಿಯಲು 16 ನಿಮಿಷ ಮೀರುತ್ತದೆ. ಹಾಲು ಡೈರಿಗೆ ಕೊಟ್ಟು ವಾಪಸು ಬರಬಹುದು! ಕನ್ನಡದ ಒಂದೊಂದು ಸಂಕೇತಕ್ಕೆ ಯೂನಿಕೋಡಿನಲ್ಲಿ ಮೂರು ಬೈಟು ಬೇಕು; ಆದರೂ ಸಾವಿರ ಶಬ್ದದ ಬರಹ 25 ಕಿಲೋಬೈಟಿನ ಆಸುಪಾಸು ಮಾತ್ರ. ಒಂದು ಫೋಟೋದ ಭಾರದಲ್ಲಿ ಅಂಥ ನೂರಕ್ಕೂ ಹೆಚ್ಚು ಬರಹ ಹಿಡಿಸುತ್ತದೆ. ಸರಿಯುವ ಫೋಟೋಗಳನ್ನು ಕಿತ್ತೆಸೆದೆವು. ಮೂರನ್ನು ಉಳಿಸಿ, 800 ಚುಕ್ಕಿ ಅಗಲಕ್ಕೆ ಇಳಿಸಿ, ಒಂದೊಂದನ್ನು 80 ಕಿಲೋಬೈಟಿಗೆ ತಂದೆವು. ಈಗ ಅದೇ ವೇಗದಲ್ಲಿ ಮೂರೂ 12 ಸೆಕೆಂಡು. ಫೋಟೋದ ಉದ್ದ, ಅಗಲವನ್ನು ಮೊದಲೇ ಬರೆದಿಡಬೇಕು. ಇಲ್ಲವಾದರೆ ಅದು ತಡವಾಗಿ ಬಂದಾಗ ಅಕ್ಷರಗಳೆಲ್ಲ ಕೆಳಗೆ ಜಾರಿ, ಒತ್ತಲು ಹೋದದ್ದು ಒಂದು, ಒತ್ತಿದ್ದು ಇನ್ನೊಂದು ಆಗುತ್ತದೆ.

ದರಪಟ್ಟಿಯನ್ನೂ ಫೋಟೋ ಒಳಗೇ ಬರೆದಿದ್ದರು. ದರ ಬದಲಿಸಬೇಕಾದರೆ ಅವರಿಗೇ ಫೋನು ಮಾಡಬೇಕು. ಅದನ್ನು ಅಕ್ಷರವಾಗಿ ಬರೆದು ಪುಟದ ಮೇಲ್ತುದಿಗೆ ತಂದೆವು: ಅಕ್ಕಿ ಎಷ್ಟು ಉಳಿದಿದೆ, ಕಿಲೋಗೆ ಎಷ್ಟು, ಯಾವತ್ತು ಕಳಿಸುತ್ತೇವೆ. ನಮ್ಮ ಮನೆತನದ ಕತೆ ಕೆಳಗೆ ಹೋಯಿತು. ನನಗೆ ಸ್ವಲ್ಪ ಬೇಸರವೇ ಆಯಿತು, ಆದರೆ ಅಕ್ಕಿ ಕೊಳ್ಳುವವರಿಗೆ ಅದು ಮೊದಲು ಬೇಡ. ಹನ್ನೊಂದು ಕಡೆ ತುಂಬಿಸಬೇಕಿದ್ದ ಆರ್ಡರು ಫಾರಮ್ಮನ್ನೂ ತೆಗೆದೆವು. ಬದಲಿಗೆ ಒಂದು ಗುಂಡಿ, ಒತ್ತಿದರೆ ನೇರ ನನ್ನ ಫೋನಿಗೆ ಕರೆ.

ಗುಂಡಿಯ ಅಳತೆಗೆ ಪರೀಕ್ಷೆ ಮಾಡಿದ್ದು ಮನೆಯವಳು. ನೇಜಿ ಕೀಳುವಲ್ಲಿಗೆ ಫೋನು ಕೊಂಡುಹೋಗಿ ಒತ್ತಿ ನೋಡು ಎಂದೆ. "ಕೈಯಂಗ್ ಕೆಸರ್ ಇಪ್ಪತ್ತಿಗೆ ಇಷ್ಟ್ ಸಣ್ಣದ್ ಒತ್ತುದ್ ಹ್ಯಾಂಗೆ?" ಎಂದು ಗದರಿದಳು. ಗೂಗಲ್‌ನವರ ಸಲಹೆಯಲ್ಲೂ ಬೆರಳು ತಾಗುವ ಜಾಗ ಸುಮಾರು 9 ಮಿಲಿಮೀಟರು ಇರಬೇಕು ಎಂದಿದೆ. ನಾವು ಅದಕ್ಕಿಂತಲೂ ದೊಡ್ಡದು ಮಾಡಿದೆವು. ಇನ್ನೊಂದು ವಿಷಯ ತಿಳಿದದ್ದೂ ಗದ್ದೆಯಲ್ಲೇ: ಬಿಳಿ ಮೇಲೆ ತೆಳು ಬೂದು ಅಕ್ಷರ ಬಿಸಿಲಿಗೆ ಮಾಯ. ಈಗ ಅಚ್ಚಕಪ್ಪು.

ನೋಡುವವರು ಫೋನಿನಲ್ಲೇ ನೋಡುತ್ತಾರೆ ಎಂಬುದು ನನಗೆ ಮೊದಲೇ ಹೊಳೆಯಬೇಕಿತ್ತು. 2020ರ ಮುಂಗಾರಿನಲ್ಲಿ ಬೆಳೆ ಸಮೀಕ್ಷೆ ರೈತರೇ ಮಾಡಿ ಎಂದು ಸರಕಾರ ಆ್ಯಪು ಕೊಟ್ಟಾಗ ನಾನೇ ಗದ್ದೆ ಬದುವಿನಲ್ಲಿ ನಿಂತು ಫೋಟೋ ಹೊಡೆದವನು. 2015ರಿಂದ ಗೂಗಲ್ ಕೂಡ ಫೋನಿನಲ್ಲಿ ಹುಡುಕುವವರಿಗೆ, ಫೋನಿಗೆ ಹೊಂದುವ ಪುಟಗಳನ್ನು ಮೇಲೆ ತೋರಿಸುತ್ತಿದೆ.

2023ರಲ್ಲಿ ಗದ್ದೆ ಹಡಿಲು ಬಿಡಲಿಲ್ಲ. ಮಾರಲು ಸುಮಾರು 9 ಕ್ವಿಂಟಾಲ್ ಅಕ್ಕಿ ಆಯಿತು. ಅದರಲ್ಲಿ 5 ಕ್ವಿಂಟಾಲ್ ಪುಟ ನೋಡಿ ಕರೆ ಮಾಡಿದವರಿಗೆ ಹೋಯಿತು, ಉಳಿದದ್ದು ಇಲ್ಲೇ ಸುತ್ತಮುತ್ತ. ಎಲ್ಲ ಲಾಭ ಎಂದು ಹೇಳಲಾರೆ. ರಾತ್ರಿ ಬಸ್ಸಿನ ಪಾರ್ಸೆಲ್ ಖರ್ಚು ಚೀಲದ ಮೇಲೆ ಬಿದ್ದು ಕೆಲವರು ಹಿಂದೆ ಸರಿದರು. ಆದರೆ ಮಜೂರಿ ಕಳೆದು ಕೈಯಲ್ಲಿ ಉಳಿಯಿತು. ಮುಂದಿನ ನೇಜಿಗೆ ಬೀಜ ತೆಗೆದಿಡುವಾಗ ಮನೆಯವಳು ಹಡಿಲಿನ ಮಾತು ಎತ್ತಲಿಲ್ಲ.

ಕರೆ ಮಾಡಿದವರಲ್ಲಿ ನಾಲ್ಕೈದು ಜನ, ಸಿಪ್ಪೆ ಸುಲಿದ ತೆಂಗಿನಕಾಯಿ ಸಿಗುತ್ತದಾ ಎಂದು ಕೇಳಿದ್ದಾರೆ. ಅದನ್ನೂ ಪುಟಕ್ಕೆ ಸೇರಿಸುವ ಎಂದು ಮಗಳು ಕೂತಿದ್ದಾಳೆ. ಕಾಯಿ ಸುಲಿಯುವ ಜನ ಸಿಕ್ಕಿದ ಮೇಲೆ ಸೇರಿಸು ಎಂದಿದ್ದೇನೆ.