ಅರಸೀಕೆರೆಯ ಕರಡಿಗೆ ಸೇಡಿತ್ತೇ?

ಬೇಲೂರು, ಹಳೇಬೀಡಿಗೆ ಹೋದವರು ಮೃಗದೊಡನೆ ಸೆಣಸುವ ಹೊಯ್ಸಳರ ಮೂಲಪುರುಷ ಸಳನ ಶಿಲ್ಪವನ್ನು ನೋಡಿಯೇ ಇರುತ್ತಾರೆ. ಆ ಕಥೆ ಪೂರ್ತಿ ಸಳನದು. ಮೃಗದ ಪಾಲಿಗೆ ಆ ಹೊತ್ತು ಹೇಗಿದ್ದೀತು? ಕಾಡು ಸುತ್ತಿ ಬರೆದವರ ಪುಸ್ತಕಗಳೂ ಪ್ರಜ್ಞೆಯ ತತ್ತ್ವಶಾಸ್ತ್ರವೂ ಕೂಡುವುದು ಈ ಪ್ರಶ್ನೆಯಲ್ಲಿ. ಪ್ರಜ್ಞೆ ಎಂದರೆ ಇಲ್ಲಿ ಬುದ್ಧಿವಂತಿಕೆಯಲ್ಲ. ನೋವು, ಹಸಿವು, ಹೆದರಿಕೆಗಳು ಒಳಗಿನಿಂದ ಅನುಭವಕ್ಕೆ ಬರುವುದು.

ಬೆಂಗಳೂರಿನ ಬೇಟೆಗಾರ-ಲೇಖಕ ಕೆನೆತ್ ಆಂಡರ್ಸನ್ 1957ರ ಪುಸ್ತಕವೊಂದರಲ್ಲಿ ಅರಸೀಕೆರೆ ಸುತ್ತಿನ ಗುಡ್ಡಗಳ ಕರಡಿಯೊಂದರ ಬಗ್ಗೆ ಬರೆದಿದ್ದಾರೆ. ಅದು ಕನಿಷ್ಠ 12 ಜನರನ್ನು ಕೊಂದಿತ್ತು. ಶಿವಮೊಗ್ಗ ರಸ್ತೆಯ ದರ್ಗಾ ನೋಡಿಕೊಳ್ಳುತ್ತಿದ್ದವರ ಮಗನೂ ಅದಕ್ಕೆ ಬಲಿಯಾದ. ಮರಿಗಳನ್ನು ಕದ್ದದ್ದಕ್ಕೆ ತಾಯಿಕರಡಿ ಸೇಡು ತೀರಿಸಿಕೊಳ್ಳುತ್ತಿದೆ ಎಂದು ಹಲವರು ನಂಬಿದ್ದರು. ಹಿಂದೆಂದೋ ಮನುಷ್ಯರಿಂದ ಗಾಯಗೊಂಡಿರಬೇಕು ಎಂಬುದು ಆಂಡರ್ಸನ್ ಊಹೆ.

ಓದುಗರು ಎಡವುವುದು ಇಲ್ಲೇ. ಕೆಲವರು ಕರಡಿಗೆ ಸಿನಿಮಾದ ನಾಯಕನ ಸೇಡನ್ನೇ ಹೊರಿಸುತ್ತಾರೆ. ಇನ್ನು ಕೆಲವರು ಅದು ಮನಸ್ಸೇ ಇಲ್ಲದ ಯಂತ್ರ ಎನ್ನುತ್ತಾರೆ. ಎರಡನ್ನೂ ಬದಿಗಿಟ್ಟು ಕರಡಿಯ ಮೈಯನ್ನು ನೋಡಬೇಕು.

ಅದರ ಮೇಲ್ದವಡೆಯಲ್ಲಿ ನಡುವಿನ ಎರಡು ಹಲ್ಲುಗಳಿಲ್ಲ. ಹೊಳ್ಳೆ ಮುಚ್ಚಿ, ತುಟಿ ಮುಂಚಾಚಿ, ಆ ಸಂದಿನಿಂದ ಅದು ಗೆದ್ದಲು ಹೀರುತ್ತದೆ. ಎಂಥ ಸೊಗಸಾದ ಏರ್ಪಾಡು! ಹೀರುವ ಸದ್ದು ನೂರು ಮೀಟರಿನಾಚೆಗೂ ಕೇಳಿಸುತ್ತದೆ. ಕಣ್ಣು ಮಂದ, ಮೂಗು ಚುರುಕಾದರೂ ಗಾಳಿ ಕರಡಿಯಿಂದ ಮನುಷ್ಯನ ಕಡೆಗೆ ಬೀಸುತ್ತಿದ್ದರೆ ಕೆಲಸಕ್ಕೆ ಬಾರದು. ಹೀಗೆ ಮೇವಿನಲ್ಲಿ ಮುಳುಗಿದ ಕರಡಿಗೆ ಮನುಷ್ಯ ಗೊತ್ತಾಗುವುದು ತೀರ ಹತ್ತಿರ ಬಂದಾಗಲೇ. ಹುಲಿ ಚಿರತೆಗಳ ನಡುವೆ ಬಾಳಿದ ಈ ಪ್ರಾಣಿ, ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವ ತಾಯಿಯಂತೂ, ಓಡುವ ಬದಲು ಎದುರು ನುಗ್ಗುತ್ತದೆ. ಹಿಂಗಾಲ ಮೇಲೆ ನಿಂತು ಉಗುರು ಬೀಸುವುದರಿಂದ ಏಟು ಹೆಚ್ಚಾಗಿ ಮುಖಕ್ಕೆ, ತಲೆಗೆ ಬೀಳುತ್ತದೆ.

ಹೀಗೆ ನುಗ್ಗಲು ಸೇಡು ಬೇಕಿಲ್ಲ, ಹೆದರಿಕೆ ಸಾಕು. ಹಳೆಯ ಗಾಯದ ನೋವು ಸೇರಿದರೆ ಸಿಡುಕು ಇನ್ನೂ ಹೆಚ್ಚೀತು. ಸೇಡಿಗಾದರೋ ತಪ್ಪಿತಸ್ಥ ಯಾರೆಂಬ ನೆನಪು, ಇಡೀ ಮನುಷ್ಯಕುಲ ಹೊಣೆ ಎಂಬ ತೀರ್ಮಾನ, ಹೊಂಚು, ಎಲ್ಲವೂ ಬೇಕು. ನೋವಿಗೂ ಹೆದರಿಕೆಗೂ ಅಷ್ಟೆಲ್ಲ ಬೇಡ.

ಆದರೆ ಕರಡಿಯ ಹೆದರಿಕೆ ಕರಡಿಗೆ ಹೇಗಿರುತ್ತದೆ? ತತ್ತ್ವಜ್ಞ ಥಾಮಸ್ ನೇಗಲ್ 1974ರಲ್ಲಿ ಬಾವಲಿಯ ಬಗ್ಗೆ ಎತ್ತಿದ ಪ್ರಶ್ನೆಯೂ ಇದೇ ಜಾತಿಯದು. ಪ್ರತಿಧ್ವನಿಯಿಂದ ದಾರಿ ಕಾಣುವ ಬಾವಲಿಯ ಮಿದುಳನ್ನು ಎಷ್ಟೇ ಅಳೆದರೂ ಅದರ ಒಳಗಿನ ಅನುಭವ ನಮ್ಮದಾಗದು ಎಂದು ಅವರು ವಾದಿಸಿದರು. ಬಾವಲಿಗೆ ಅನುಭವವಿಲ್ಲ ಎಂದು ಅವರು ಹೇಳಲಿಲ್ಲ. ಇದನ್ನು ತಪ್ಪಾಗಿ ಓದುವವರಿದ್ದಾರೆ. ಕಾಡು ಸುತ್ತಿ ಬರೆದವರೂ ಇದೇ ಮಿತಿಗೆ ಬಂದು ನಿಂತಿದ್ದಾರೆ: ಲೇಖಕ ಪೀಟರ್ ಮ್ಯಾಥಿಸನ್ 1973ರಲ್ಲಿ ಜೀವವಿಜ್ಞಾನಿ ಜಾರ್ಜ್ ಶಾಲರ್ ಜೊತೆ ನೇಪಾಳದ ಡೋಲ್ಪೊಗೆ ನಡೆದು, ಹಿಮಚಿರತೆಯನ್ನು ಕಾಣದೆಯೇ ಹಿಂತಿರುಗಿ, ತಮ್ಮ ಮನಸ್ಸನ್ನೇ ಶೋಧಿಸಿ ಬರೆದರು.

ಕನ್ನಡದಲ್ಲಿ ಈ ಓದಿಗೆ ಬಾಗಿಲು ತೆರೆದೇ ಇದೆ: ಆಂಡರ್ಸನ್ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿ 'ಕಾಡಿನ ಕಥೆಗಳು' ಮಾಲೆಯಲ್ಲಿ ಕನ್ನಡಕ್ಕೆ ತಂದಿದ್ದಾರೆ. ಅಲ್ಲಿಂದ ಶುರುಮಾಡಿದವರು ಬಳ್ಳಾರಿ ಸೀಮೆಯ ದರೋಜಿ ಕರಡಿಧಾಮಕ್ಕೂ ಒಮ್ಮೆ ಹೋಗಿಬರಲಿ. ಅರಸೀಕೆರೆ ಕಡೆಯ ಕಾಲೇಜು ವಿದ್ಯಾರ್ಥಿಗಳು ಕರಡಿ ಎದುರಾದ ಹಿರಿಯರನ್ನು ಕೇಳಿ ಬರೆದಿಟ್ಟರೆ ಇನ್ನೂ ಒಳ್ಳೆಯದು: ಎಷ್ಟು ಹೊತ್ತಿನಲ್ಲಿ, ಎಷ್ಟು ದೂರದಲ್ಲಿ, ಮರಿಗಳಿದ್ದವೇ, ಗಾಳಿ ಯಾವ ಕಡೆಗಿತ್ತು, ಕರಡಿ ಮೊದಲು ಏನು ಮಾಡಿತು.