ಕೆರೆಯಂಚಿನ ಹಕ್ಕಿಗಳ ಛಾಯಾಗ್ರಹಣ

ಮಾಗಿಯ ದಿನಗಳಲ್ಲಿ ಉತ್ತರ ಕರ್ನಾಟಕದ ಕೆರೆಗಳ ನೀರು ಇಳಿಯತೊಡಗಿದಂತೆ ಅವುಗಳ ಅಂಚಿನಲ್ಲಿ ಕೆಸರಿನ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ದಾರಿಹೋಕನ ಕಣ್ಣಿಗೆ ಅದು ಬರಿಯ ರಾಡಿ. ಆದರೆ ಹುಳುಹುಪ್ಪಟೆಗಳಿಂದ ತುಂಬಿದ ಆ ಪಟ್ಟಿಯೇ ಮೆಟ್ಟುಗಾಲು ಹಕ್ಕಿ, ಗದ್ದೆಗೊರವ, ಟಿಟ್ಟಿಭ, ಗುಬ್ಬಿಯಷ್ಟೇ ಗಾತ್ರದ ಪುಟ್ಟ ಸ್ಟಿಂಟ್ ಮೊದಲಾದ ಹಕ್ಕಿಗಳ ಊಟದ ಪಂಕ್ತಿ. ಗದಗ ಜಿಲ್ಲೆಯ ಮಾಗಡಿ ಕೆರೆ ಹಾಗೂ ವಿಜಯನಗರ ಜಿಲ್ಲೆಯ ಅಂಕಸಮುದ್ರ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದವು. ಯಾವ ಪಟ್ಟಿಗೂ ಸೇರದ ಊರೂರ ಕೆರೆಗಳಲ್ಲಿಯೂ ಈ ಅತಿಥಿಗಳು ಕಾಣಸಿಗುತ್ತಾರೆ. ಕಾಣುವುದು ಸುಲಭ, ಅವುಗಳ ಒಳ್ಳೆಯ ಛಾಯಾಚಿತ್ರ ತೆಗೆಯುವುದು ಮಾತ್ರ ಕಷ್ಟ.

ಈ ಹಕ್ಕಿಗಳ ಅಂಜಿಕೆಗೆ ಕಾರಣವುಂಟು. ಇವು ಮರೆಯೇ ಇಲ್ಲದ ಬಯಲಿನಲ್ಲಿ ಮೇಯುತ್ತವೆ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಕೊಕ್ಕನ್ನು ಕೆಸರಿಗೆ ಇಳಿಸಿದಾಗಲೂ ಸುತ್ತಲಿನ ಚಲನೆ ಅವಕ್ಕೆ ಗೋಚರಿಸುತ್ತದೆ. ಗುಂಪಿನಲ್ಲಿ ಒಂದು ಹೆದರಿದರೆ ಸಾಕು, ಎಲ್ಲವೂ ಏಳುತ್ತವೆ. ಟಿಟ್ಟಿಭವಂತೂ ಊರ ತಳವಾರನಿದ್ದಂತೆ. ಅದು ಕೂಗು ಹಾಕಿದ ಮೇಲೆ ಆ ದಂಡೆಯಲ್ಲಿ ಛಾಯಾಗ್ರಾಹಕನಿಗೆ ಬಹಳ ಹೊತ್ತು ಕೆಲಸವಿರುವುದಿಲ್ಲ.

ಹಕ್ಕಿ ಎದ್ದು ಹೋದರೆ ಚಿತ್ರ ತಪ್ಪಿತು ಎಂದಷ್ಟೇ ಹಲವರು ಭಾವಿಸುತ್ತಾರೆ. ನಷ್ಟ ಅದಕ್ಕಿಂತ ದೊಡ್ಡದು, ಮತ್ತು ಅದು ಹಕ್ಕಿಯದು. ಪುಟ್ಟ ಸ್ಟಿಂಟ್ ಹಕ್ಕಿಯ ತೂಕ ಮೂವತ್ತು ಗ್ರಾಮಿನ ಆಸುಪಾಸು. ಅದು ಮರಿ ಮಾಡುವುದು ಉತ್ತರ ಧ್ರುವಕ್ಕೆ ಸಮೀಪದ ಟಂಡ್ರಾ ಬಯಲಿನಲ್ಲಿ. ಅಲ್ಲಿಗೆ ಮರಳುವ ಮುನ್ನ ಮೈಯಲ್ಲಿ ಕೊಬ್ಬನ್ನು ಬುತ್ತಿಯಾಗಿ ಕಟ್ಟಿಕೊಳ್ಳಬೇಕು. ಆ ಬುತ್ತಿಯ ಬಲವೆಷ್ಟೆಂಬುದನ್ನು ಇದೇ ಬಳಗದ ಗಾಡ್‌ವಿಟ್ ಹಕ್ಕಿಯೊಂದು ತೋರಿಸಿಕೊಟ್ಟಿದೆ: 2022ರಲ್ಲಿ ಅದು ಅಲಾಸ್ಕದಿಂದ ಟಾಸ್ಮೇನಿಯಾಕ್ಕೆ ಸುಮಾರು 13,560 ಕಿ.ಮೀ. ದೂರವನ್ನು ಎಲ್ಲಿಯೂ ಇಳಿಯದೆ 11 ದಿನಗಳಲ್ಲಿ ಹಾರಿತು. ಹೀಗೆ ಉಣ್ಣುತ್ತಿರುವ ಹಕ್ಕಿಯನ್ನು ಮೇಲಿಂದ ಮೇಲೆ ಹಾರಿಸುವುದೆಂದರೆ ದಾಸೋಹದ ಪಂಕ್ತಿಯಿಂದ ಉಣ್ಣುವವರನ್ನು ಎಬ್ಬಿಸಿದಂತೆಯೇ ಸರಿ.

ಆದ್ದರಿಂದ ಬಲ್ಲವರು ಹಕ್ಕಿಯ ಬಳಿಗೆ ಹೋಗುವುದಿಲ್ಲ, ಅದು ಬರುವಲ್ಲಿ ಮರೆಯಾಗಿ ಕುಳಿತಿರುತ್ತಾರೆ. ಈ ಉಪಾಯ ಹಳೆಯದು. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕಿಯರ್ಟನ್ ಸೋದರರು 1900ರ ಸುಮಾರಿಗೆ ಟೊಳ್ಳಾದ ಎತ್ತಿನ ಆಕೃತಿಯೊಂದನ್ನು ಮಾಡಿಸಿ, ಅದರ ಹೊಟ್ಟೆಯಲ್ಲಿ ಅಡಗಿ ಹಕ್ಕಿಗಳ ಚಿತ್ರ ತೆಗೆದರು. ಇಂದು ಮಣ್ಣಿನ ಬಣ್ಣದ ಬಟ್ಟೆಯ ಗೂಡು ಸಾಕಾಗುತ್ತದೆ. ಬೆಳಕು ಹರಿಯುವ ಮೊದಲೇ ಅದರೊಳಗೆ ಸೇರಿರಬೇಕು. ತಡವಾದರೆ ಇಬ್ಬರು ಹೋಗಿ, ಒಬ್ಬನು ಒಳಗುಳಿದು, ಇನ್ನೊಬ್ಬನು ಹಕ್ಕಿಗಳಿಗೆ ಕಾಣುವಂತೆ ಹೊರಟುಹೋಗುವ ರೂಢಿಯುಂಟು. ಬಂದವನು ಹೋದನೆಂದು ಅವು ನಂಬುತ್ತವೆ. ಹಕ್ಕಿಗಳ ಲೆಕ್ಕ ಅಷ್ಟು ಪಕ್ಕಾ ಅಲ್ಲ!

ಗೂಡಿಲ್ಲದೆ ಸಮೀಪಿಸುವುದಾದರೆ ನೇರವಾಗಿ ನಡೆಯಲಾಗದು. ನೆಲಕ್ಕೆ ಒರಗಿ, ಓರೆಯಾಗಿ, ಅಲ್ಲಲ್ಲಿ ನಿಂತು ಸಾಗಬೇಕು. ಹಕ್ಕಿ ಮೇಯುವುದನ್ನು ನಿಲ್ಲಿಸಿ ಕತ್ತು ನಿಮಿರಿಸಿತೆಂದರೆ ಅದೇ ಗಡಿ. ಅದು ಮತ್ತೆ ಕೊಕ್ಕು ಇಳಿಸದಿದ್ದರೆ ಹಿಂದೆ ಸರಿಯುವುದೇ ವಿವೇಕ. ದುಬಾರಿ ದೂರಮಸೂರವೂ ಈ ಗಡಿಯನ್ನು ತುಸು ಸಡಿಲಿಸುತ್ತದೆಯೇ ವಿನಾ ಅಳಿಸುವುದಿಲ್ಲ.

ಬೆಳಕಿನ ವಿಚಾರ ಹೆಚ್ಚು ಹೇಳಬೇಕಾದುದಿಲ್ಲ. ಸೂರ್ಯ ಬೆನ್ನ ಹಿಂದಿರಲಿ, ಕ್ಯಾಮೆರಾ ಹಕ್ಕಿಯ ಕಣ್ಣಿನ ಎತ್ತರಕ್ಕಿರಲಿ. ಮೆಟ್ಟುಗಾಲು ಹಕ್ಕಿಯ ರೆಕ್ಕೆ ಕಪ್ಪು, ಎದೆ ಅಚ್ಚ ಬಿಳುಪು; ಬೆಳಕಿನ ಅಳತೆಯನ್ನು ಬಿಳುಪಿಗೆ ಹೊಂದಿಸದಿದ್ದರೆ ಎದೆಯ ಗರಿಗಳೆಲ್ಲ ಸುಣ್ಣ ಬಳಿದಂತೆ ಕಾಣುತ್ತವೆ. ಬಿಸಿಲೇರಿದ ಮೇಲೆ ಕೆಸರಿನಿಂದ ಏಳುವ ಝಳ ಚಿತ್ರವನ್ನು ಕದಡುತ್ತದೆ.

ಬೇಸಿಗೆಯ ಗೂಡುಗಳ ಮಾತು ಬೇರೆ. ಟಿಟ್ಟಿಭ ಬರಿನೆಲದ ಮೇಲೆ ಮೊಟ್ಟೆಯಿಡುತ್ತದೆ. ಬೆಣಚುಕಲ್ಲಿಗೂ ಅದಕ್ಕೂ ಭೇದ ತಿಳಿಯದು. ಉರಿಬಿಸಿಲಿನಲ್ಲಿ ತಾಯಿ ತಂದೆಗಳು ಮೊಟ್ಟೆಗಳ ಮೇಲೆ ನೆರಳಾಗಿ ನಿಲ್ಲುತ್ತವೆ. ನೀರಿಗೆ ಹೋಗಿ ಎದೆಯ ಗರಿ ತೋಯಿಸಿಕೊಂಡು ಬಂದು ಅವನ್ನು ತಂಪುಗೊಳಿಸುತ್ತವೆ. ಚಿತ್ರಕ್ಕಾಗಿ ಯಾರಾದರೂ ಹತ್ತಿರ ನಿಂತರೆ ಆ ಹಕ್ಕಿಗಳು ಕೂಗುತ್ತ ಸುತ್ತ ಹಾರುತ್ತವೆ, ಗೂಡಿಗೆ ಮರಳುವುದಿಲ್ಲ. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಸ್ವಲ್ಪ ಹೊತ್ತು ನೆರಳು ತಪ್ಪಿದರೂ ಮೊಟ್ಟೆಯೊಳಗಿನ ಜೀವ ಬೇಯುವ ಅಪಾಯವಿದೆ. ಅಂಥ ಗೂಡು ಕಂಡಾಗ ಅನುಭವಿಗಳು ಕ್ಯಾಮೆರಾವನ್ನು ಚೀಲದಿಂದ ತೆಗೆಯದೆ, ಬಂದ ಹೆಜ್ಜೆಯ ಮೇಲೆಯೇ ಹಿಂದಿರುಗುತ್ತಾರೆ.