ಗೃಹೋಪಯೋಗಿ ವಿದ್ಯುತ್ ಉಪಕರಣಗಳ ಕಾಂತಕ್ಷೇತ್ರದ ಅಳತೆ: ಗ್ರಾಹಕರಿಗೆ ಮಾಹಿತಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ (ಹೆಸ್ಕಾಂ) ವ್ಯಾಪ್ತಿಗೆ ಒಳಪಟ್ಟಿದ್ದು, ಇಲ್ಲಿನ ಮನೆಗಳಿಗೆ 50 ಹರ್ಟ್ಸ್ ಆವರ್ತನದ ವಿದ್ಯುತ್ ಪೂರೈಕೆಯಾಗುತ್ತದೆ. ವಿದ್ಯುತ್ ಹರಿಯುವ ತಂತಿ, ಮೋಟಾರು ಮತ್ತು ಟ್ರಾನ್ಸ್‌ಫಾರ್ಮರುಗಳ ಸುತ್ತ ಅದೇ ಆವರ್ತನದ ಕಾಂತಕ್ಷೇತ್ರ ಉಂಟಾಗುತ್ತದೆ. ಇದನ್ನು ಮೈಕ್ರೋಟೆಸ್ಲಾ ಅಥವಾ ಮಿಲಿಗಾಸ್ ಎಂಬ ಏಕಮಾನದಲ್ಲಿ ಅಳೆಯಲಾಗುತ್ತದೆ. 10 ಮಿಲಿಗಾಸ್ ಒಂದು ಮೈಕ್ರೋಟೆಸ್ಲಾಕ್ಕೆ ಸಮವಾದುದರಿಂದ, ಮೀಟರಿನಲ್ಲಿ ದೊಡ್ಡ ಅಂಕಿ ಕಂಡು ಗಾಬರಿಗೊಳ್ಳುವ ಮೊದಲು ಏಕಮಾನವನ್ನು ನೋಡಿಕೊಳ್ಳತಕ್ಕದ್ದು. ಮೊಬೈಲ್ ಫೋನಿನ ಆ್ಯಪ್‌ಗಳು ತೋರಿಸುವ ಸುಮಾರು 40 ಮೈಕ್ರೋಟೆಸ್ಲಾ ಬಹುಪಾಲು ಭೂಮಿಯ ಸ್ಥಿರ ಕಾಂತಕ್ಷೇತ್ರವಾಗಿದ್ದು, ಈ ಅಳತೆಗೆ ಅವು ಉಪಯುಕ್ತವಲ್ಲ.

ಅಳತೆಯಲ್ಲಿ ದೂರವೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿರುವ ಅಂಕಿಗಳಂತೆ, ಇಸ್ತ್ರಿ ಪೆಟ್ಟಿಗೆಯಿಂದ 3 ಸೆಂ.ಮೀ. ದೂರದಲ್ಲಿ 8ರಿಂದ 30 ಮೈಕ್ರೋಟೆಸ್ಲಾ ಇರುವ ಕ್ಷೇತ್ರವು 30 ಸೆಂ.ಮೀ. ದೂರದಲ್ಲಿ 0.12ರಿಂದ 0.3ಕ್ಕೆ, ಒಂದು ಮೀಟರ್ ದೂರದಲ್ಲಿ 0.03 ಅಥವಾ ಅದಕ್ಕಿಂತ ಕಡಿಮೆಗೆ ಇಳಿಯುತ್ತದೆ. ಆದುದರಿಂದ ಉಪಕರಣಕ್ಕೆ ಮೀಟರನ್ನು ತಾಗಿಸಿ ಪಡೆದ ಅಂಕಿಗಿಂತ, ಜನರು ಕುಳಿತುಕೊಳ್ಳುವ ಮತ್ತು ಮಲಗುವ ಸ್ಥಳದ ಅಂಕಿಯೇ ಪರಿಗಣನೆಗೆ ಅರ್ಹ. ಇಟ್ಟಿಗೆ ಗೋಡೆಯು ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. ಗೋಡೆಯ ಆಚೆ ಫ್ರಿಜ್ ಇದ್ದಲ್ಲಿ ಈಚೆಗಿರುವ ಮಂಚದ ತಲೆಭಾಗದಲ್ಲಿಯೂ ಅಳೆಯುವುದು ಸೂಕ್ತ. ಉಪಕರಣವನ್ನು ಬಂದ್ ಮಾಡಿ ಒಮ್ಮೆ, ಚಾಲನೆಯಲ್ಲಿಟ್ಟು ಒಮ್ಮೆ ಅಳೆಯಬೇಕು.

ಸಾರ್ವಜನಿಕರಿಗೆ 50 ಹರ್ಟ್ಸ್‌ನಲ್ಲಿ 200 ಮೈಕ್ರೋಟೆಸ್ಲಾ ಎಂಬ ಮಿತಿಯನ್ನು ಅಂತರರಾಷ್ಟ್ರೀಯ ತಜ್ಞರ ಆಯೋಗವು 2010ರಲ್ಲಿ ಸೂಚಿಸಿದೆ. ದೀರ್ಘಕಾಲ ಸರಾಸರಿ 0.3–0.4 ಮೈಕ್ರೋಟೆಸ್ಲಾಕ್ಕಿಂತ ಹೆಚ್ಚಿನ ಕ್ಷೇತ್ರಕ್ಕೂ ಮಕ್ಕಳ ರಕ್ತ ಕ್ಯಾನ್ಸರಿಗೂ ಸಂಬಂಧವಿರಬಹುದೆಂದು ಕೆಲವು ಅಧ್ಯಯನಗಳಲ್ಲಿ ಕಂಡುಬಂದುದರಿಂದ, 2002ರಲ್ಲಿ ಇದನ್ನು 'ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆ ಇರುವ' ವರ್ಗದಲ್ಲಿ ಇರಿಸಲಾಯಿತು. ಆದರೆ ಅದೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ತಿಳಿಸಿತು. ಇಲ್ಲಿ ಹೇಳಿರುವುದು ದೀರ್ಘಾವಧಿಯ ಸರಾಸರಿಯೇ ಹೊರತು ಮಿಕ್ಸರ್ ತಿರುಗುವ ಎರಡು ನಿಮಿಷದ ಅಂಕಿಯಲ್ಲ.

ಉಪಕರಣಗಳಿಂದ ದೂರವಿರುವ ಕೋಣೆಯ ನಡುವೆಯೂ ಅಂಕಿ ಹೆಚ್ಚಿದ್ದಲ್ಲಿ ವೈರಿಂಗನ್ನು ಶಂಕಿಸಬೇಕು. ಫೇಸ್ ಮತ್ತು ನ್ಯೂಟ್ರಲ್ ತಂತಿಗಳು ಜೊತೆಯಲ್ಲಿದ್ದಾಗ ಅವುಗಳ ಕ್ಷೇತ್ರಗಳು ಪರಸ್ಪರ ಬಹುತೇಕ ರದ್ದಾಗುತ್ತವೆ. ನ್ಯೂಟ್ರಲ್ ತಂತಿಯು ಅರ್ಥಿಂಗ್ ತಂತಿಗೋ ನೀರಿನ ಕೊಳವೆಗೋ ತಾಗಿದ್ದರೆ ವಿದ್ಯುತ್ ಬೇರೆ ದಾರಿಯಲ್ಲಿ ಮರಳುವುದರಿಂದ ಕ್ಷೇತ್ರವು ಮನೆಯೆಲ್ಲ ಹರಡುತ್ತದೆ.

ಇದಕ್ಕಿಂತ ಗಂಭೀರವಾದ ವಿಷಯವೆಂದರೆ, ಉಪಕರಣದ ಲೋಹದ ಮೈಗೆ ವಿದ್ಯುತ್ ಸೋರಿಕೆಯಾಗುತ್ತಿದ್ದರೂ ಈ ಮೀಟರು ಅದನ್ನು ತೋರಿಸದಿರಬಹುದು. ನೀರೆತ್ತುವ ಮೋಟಾರು, ಇಸ್ತ್ರಿ ಪೆಟ್ಟಿಗೆ ಅಥವಾ ಹಿಟ್ಟಿನ ಗಿರಣಿಯನ್ನು ಮುಟ್ಟಿದಾಗ ಜುಮ್ಮೆಂದರೆ ಕಾಂತಕ್ಷೇತ್ರದ ಅಂಕಿ ಎಷ್ಟೇ ಕಡಿಮೆಯಿರಲಿ, ಕೂಡಲೇ ಮೇನ್ ಸ್ವಿಚ್ ಬಂದ್ ಮಾಡಿ, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಅರ್ಥಿಂಗ್ ಮತ್ತು ವೈರಿಂಗ್ ತಪಾಸಣೆ ಮಾಡಿಸತಕ್ಕದ್ದು. ಸರಬರಾಜು ಮಾರ್ಗದ ದೋಷಗಳಿಗೆ ಸಹಾಯವಾಣಿ 1912ಕ್ಕೆ ದೂರು ನೀಡಬಹುದು.

ಹೊಸ ಸಂಪರ್ಕ ಕೋರುವ ಅರ್ಜಿದಾರರು ಕಾಂತಕ್ಷೇತ್ರದ ಪ್ರಮಾಣಪತ್ರವನ್ನು ಲಗತ್ತಿಸುವ ಅಗತ್ಯವಿರುವುದಿಲ್ಲ. ಮೊಬೈಲ್ ಗೋಪುರಗಳ ವಿಕಿರಣವು ಬೇರೆಯೇ ವಿಷಯವಾಗಿದ್ದು, ಅದರ ಅಳತೆಗೆ ಕೇಂದ್ರ ದೂರಸಂಪರ್ಕ ಇಲಾಖೆಯ 'ತರಂಗ್ ಸಂಚಾರ್' ಜಾಲತಾಣದಲ್ಲಿ ಮಾಹಿತಿ ಪಡೆಯಬಹುದಾಗಿದೆ.